ಪಟ್ಟೆ ಸೂಟಿನ ಕಲ್ಲಣ್ಣ

ಕುರನೂರಿನ ಕಲ್ಲಣ್ಣನನ್ನು ಗುರುತಿಸಲು ಅವನ ಮುಖ ಕಾಣಬೇಕಾಗಿರಲಿಲ್ಲ. ಲಗ್ನದ ಮಂಟಪ ಜನರಿಂದ ತುಂಬಿ ತುಳುಕುತ್ತಿದ್ದರೂ ದಾರಿಯ ಆ ತುದಿಯಲ್ಲಿ ಅವನು ಜೀಪಿನಿಂದ ಇಳಿಯುತ್ತಿದ್ದಂತೆ, "ಅಗೊ, ಪಟ್ಟಿ ಸೂಟ್ ಬಂತು ನೋಡ್ರಿ" ಅನ್ನುತ್ತಿದ್ದರು. ಮನುಷ್ಯನೊಬ್ಬ ಅಷ್ಟು ದೂರದಿಂದ ಗುರುತು ಸಿಗುವುದು ಒಳ್ಳೆಯದಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹಾಗೆ ಹೇಳಬೇಕಾದ ಕಾಲ ಇನ್ನೂ ಬಂದಿರಲಿಲ್ಲ.

ಅವನ ಹೊಲ ಬೋರಿ ನದಿಯ ದಂಡೆಗೆ ಹತ್ತಿಕೊಂಡಿತ್ತು. ಕಬ್ಬು, ತೊಗರಿ, ಮನೆಗೆ ಸಾಲುವಷ್ಟು ಜೋಳ. ನೀರಿಗೆ ಕೊರತೆ ಇರಲಿಲ್ಲ, ಊರಲ್ಲಿ ಮಾತಿಗೆ ಬೆಲೆ ಇತ್ತು. ಐವತ್ತೈದು ದಾಟುವವರೆಗೂ ಅವನು ತೊಟ್ಟಿದ್ದು ಬಿಳಿ ಅಂಗಿ, ಬಿಳಿ ಪಾಯಜಾಮ, ತಲೆಗೆ ಬಿಳಿ ಟೊಪ್ಪಿಗೆ. ಅಕ್ಕಲಕೋಟ ಕಡೆಯ ಹೊಲಮನೆಯುಳ್ಳವರೆಲ್ಲ ತೊಡುವುದು ಅದನ್ನೇ. ಮಗಳು ಪ್ರಣಿತಾಳ ಲಗ್ನ ಗೊತ್ತಾದಾಗ ಅರಿವೆ ಕೊಳ್ಳಲು ಗಂಡ ಹೆಂಡತಿ ಸೋಲಾಪುರಕ್ಕೆ ಹೋದರು. ಹೆಂಡತಿ ಶಾರದಾಬಾಯಿಯ ತವರಿನವರು ಚಾಟಿ ಗಲ್ಲಿಯ ಬಟ್ಟೆ ವ್ಯಾಪಾರಸ್ಥರು. ಕೆಳಗೆ ಅಂಗಡಿ, ಮೇಲೆ ಮನೆ. ಅವಳ ತಂದೆ ಸಾತಲಿಂಗಪ್ಪ ಗಾದಿಯ ಮೇಲೆ ಕೂತು ಅಳಿಯನ ಮುಂದೆ ಬೂದು, ಕಂದು, ಕರಿ ಎಂದು ಬಟ್ಟೆಯ ತಾನುಗಳನ್ನು ಬಿಚ್ಚಿಸಿ ಹಾಕಿಸಿದ. ಕಲ್ಲಣ್ಣನ ಕಣ್ಣು ಮಾತ್ರ ಮೇಲಿನ ಕಪಾಟಿನಲ್ಲಿ ಧೂಳು ಹಿಡಿದು ಮಲಗಿದ್ದ ಒಂದು ತಾನಿನ ಮೇಲೆ ನಿಂತಿತ್ತು. ಕಪ್ಪು ಅನಿಸುವಷ್ಟು ಗಾಢ ನೀಲಿ. ಅದರ ಮೇಲೆ, ಶಾಲೆಯ ಹಲಗೆಗೆ ಸುಣ್ಣದ ಕಡ್ಡಿಯಿಂದ ಎಳೆದ ಹಾಗೆ, ದಪ್ಪ ಬಿಳಿ ಪಟ್ಟೆಗಳು.

"ಅಳಿಯಂದ್ರ, ಅದು ಬ್ಯಾಡ್ರಿ," ಅಂದ ಸಾತಲಿಂಗಪ್ಪ. "ಬಂದಾವ್ರೆಲ್ಲ ಮುಟ್ಟಿ ನೋಡಿ ನಕ್ಕು ಹೋಗ್ಯಾರ. ಹಾಸೂ ಗಾದಿಗೆ ಹೊಲಿಯೂ ಅರಿವಿ ಅಂತಾರ ಮಂದಿ."

"ಇರ್ಲಿ ಮಾವಾರ. ಒಮ್ಮಿ ಹೆಗಲ ಮ್ಯಾಲ ಹಾಕ್ಕೊಂಡು ನೋಡ್ತೀನಿ."

ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. ಎತ್ತರದ ಆಳು, ಹೊಟ್ಟೆ ಬಂದಿರಲಿಲ್ಲ. ಶಾರದಾಬಾಯಿ ಹಿಂದಿನಿಂದ ಬಹಳ ಹೊತ್ತು ನೋಡಿದಳು. ಬಟ್ಟೆಯ ಅಂಗಡಿಯ ಮೇಲೆಯೇ ಹುಟ್ಟಿ ಬೆಳೆದವಳು, ಅವಳ ಕಣ್ಣು ಸುಳ್ಳು ಹೇಳುತ್ತಿರಲಿಲ್ಲ.

"ಒಪ್ತದ," ಅಂದಳು ಕೊನೆಗೆ. "ಆದ್ರ ನಾ ಹೇಳಿದಂಗ ಹಾಕ್ಕೋಬೇಕ್ರಿ. ಒಂದು ಅರಿವಿ ಇಷ್ಟು ಜೋರಾಗಿ ಮಾತಾಡೂಮುಂದ ಉಳಿದದ್ದೆಲ್ಲ ಸುಮ್ಮಿರಬೇಕು."

ಶಿಂಪಿ ಹೊಲಿದು ತಂದ ಕೋಟನ್ನು ಅವಳು ಒಮ್ಮೆ ತಿರುಗಿ ಕಳಿಸಿದಳು. ಕಿಸೆಯ ಮೇಲಿನ ಪಟ್ಟೆ ಎದೆಯ ಪಟ್ಟೆಗೆ ಕೂಡಿರಲಿಲ್ಲ. ಹೆಗಲ ಹೊಲಿಗೆಯಲ್ಲಿ ಮುಂದಿನ ಗೆರೆ ಹಿಂದಿನ ಗೆರೆಗೆ ಹೋಗಿ ಸೇರಬೇಕು, ಇಲ್ಲದಿದ್ದರೆ ಮುರಿದ ಬೇಲಿಯ ಹಾಗೆ ಕಾಣುತ್ತದೆ ಎಂಬುದು ಅವಳ ಹಟ. ಲಗ್ನದ ದಿನ ಅವಳೇ ಅವನ ಕೊರಳ ಚೈನು ತೆಗೆಸಿದಳು, ಬೆರಳ ಉಂಗುರಗಳನ್ನು ತೆಗೆಸಿದಳು, ಎದೆಯ ಕಿಸೆಯಲ್ಲಿದ್ದ ಎರಡು ಪೆನ್ನು ಕಿತ್ತುಕೊಂಡಳು. ಒಳಗೆ ಬರೀ ಬಿಳಿ ಅಂಗಿ. ಒಂದೇ ಬಣ್ಣದ ಟೈ, ಅದೂ ಮಾಸಿದ ಕೆಂಪು. ಥಳಥಳ ಹೊಳೆಯದ ಕರಿ ಬೂಟು. ನಿಂತಾಗ ಗುಂಡಿ ಹಾಕಬೇಕು, ಕೂತಾಗ ಬಿಚ್ಚಬೇಕು.

"ಹಣಿ ಮ್ಯಾಲಿನ ವಿಭೂತಿನೂ ಪಟ್ಟೀನ ಅಲ್ಲೇನು, ಅದನ್ನೂ ಒರಸಲೇನು?" ಎಂದು ಅವನು ಚೇಷ್ಟೆ ಮಾಡಿದ.

"ಅದು ಇರ್ಲಿ," ಅಂದಳು ಅವಳು, ನಗದೆ.

ಅವತ್ತು ಬೀಗರ ಸಾಲಿನಲ್ಲಿ ಮೊದಲು ಒಂದಿಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಸೋಲಾಪುರದಿಂದ ಬಂದ ವ್ಯಾಪಾರಸ್ಥರು ಎದ್ದು ಬಂದು ಅರಿವೆ ಎಲ್ಲಿಯದು ಎಂದು ಕೇಳಿದರು. ಅಲ್ಲಿಂದ ಮುಂದೆ ಯಾವ ಲಗ್ನ ಬಂದರೂ ಕಲ್ಲಣ್ಣ ಅದನ್ನೇ ತೊಟ್ಟ. ಜನ ನೋಡಿದರೆ ಅವನಿಗೆ ಸಂತೋಷವಾಗುತ್ತಿತ್ತು, ಅದನ್ನು ಅವನು ಮುಚ್ಚಿಡುತ್ತಲೂ ಇರಲಿಲ್ಲ.

ಕೊರೋನಾ ಬರುವ ಹಿಂದಿನ ವರ್ಷ ವಾಗದರಿಯಲ್ಲಿ ಒಂದು ಲಗ್ನವಿತ್ತು. ಊಟ ಮುಗಿಸಿ, ಶಾರದಾಬಾಯಿಯನ್ನು ಮನೆಗೆ ಬಿಟ್ಟು, ಹೊಲದಲ್ಲಿ ನೀರಿನ ಮೋಟರು ಬಂದ್ ಮಾಡಿ ಬರುತ್ತೇನೆಂದು ಅವನು ಸೂಟಿನಲ್ಲೇ ನದಿಯ ಕಡೆ ಹೋದ. ಸಂಜೆಯ ಬಿಸಿಲು ಇನ್ನೂ ಇತ್ತು. ದಂಡೆಯ ಮೇಲೆ ಪಕ್ಕದ ಹೊಲದ ಅಂಬಾದಾಸ ಯಾರದೋ ಜೊತೆ ಜೋರಾಗಿ ಮಾತಾಡುವುದು ಕೇಳಿಸಿತು.

ಅಂಬಾದಾಸನದು ಸಣ್ಣ ಹೊಲ. ನದಿಯ ಉಸುಕು ತೆಗೆಯುವ ಟ್ರ್ಯಾಕ್ಟರುಗಳು ಅವನ ಬದುವಿನ ಮೇಲೆ ದಾರಿ ಮಾಡಿಕೊಂಡಿದ್ದವು. ಉಸುಕು ಹೋದಂತೆ ಅವನ ಬಾವಿಯ ನೀರು ಕೆಳಗಿಳಿಯುತ್ತಿತ್ತು. ಆ ಟ್ರ್ಯಾಕ್ಟರುಗಳ ಮಾಲೀಕ ಗುರುಸಿದ್ಧ, ಕಲ್ಲಣ್ಣನ ದೂರದ ದಾಯಾದಿಯ ಮಗ. ಮೆತ್ತಗೆ ಮಾತಾಡುವವನು, ಹಿರಿಯರು ಕಂಡರೆ ಕಾಲು ಮುಟ್ಟುವವನು. ಅವತ್ತು ಅವನು ಟ್ರ್ಯಾಕ್ಟರಿನ ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತಿದ್ದ. ಓಡಿಸುತ್ತಿದ್ದವನು ಮಲ್ಲಯ್ಯ. ಹಿಂದೆ ತುಂಬಿದ ಟ್ರಾಲಿ. ಮುಂದೆ, ಎರಡೂ ಕೈ ಚಾಚಿ, ಅಂಬಾದಾಸ.

"ಇವತ್ತ ಹೋಗಾಕ ಬಿಡಂಗಿಲ್ಲ," ಅನ್ನುತ್ತಿದ್ದ ಅಂಬಾದಾಸ.

ಮಲ್ಲಯ್ಯ ತಿರುಗಿ ಮಾಲೀಕನ ಮುಖ ನೋಡಿದ. ಗುರುಸಿದ್ಧ ಸಿಟ್ಟಾಗಲಿಲ್ಲ, ಕೂಗಲೂ ಇಲ್ಲ. ನೊಣ ಓಡಿಸುವ ಹಾಗೆ ಕೈ ಆಡಿಸಿ, "ನಡಿ," ಅಂದ.

ಟ್ರ್ಯಾಕ್ಟರು ನಡೆಯಿತು.

ಕಲ್ಲಣ್ಣ ಓಡಿದ. ಅವನು ತಲುಪುವಷ್ಟರಲ್ಲಿ ಟ್ರಾಲಿಯ ಗಾಲಿ ಹಾದು ಹೋಗಿತ್ತು. ಅಂಬಾದಾಸನ ತಲೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಕೋಟಿನ ಎದೆಯೆಲ್ಲ ಒದ್ದೆಯಾಯಿತು. ಟ್ರ್ಯಾಕ್ಟರು ನದಿಯ ನೀರು ದಾಟಿ ಆಚೆ ದಂಡೆಯಲ್ಲಿ ನಿಂತಿತು. ಗುರುಸಿದ್ಧ ಇಳಿದು, ಹಣೆಗೆ ಕೈ ಅಡ್ಡ ಹಿಡಿದು, ಈಚೆಗೆ ನೋಡಿದ. ಬಹಳ ಹೊತ್ತು ನೋಡಿದ. ಬಿಸಿಲು ಕಲ್ಲಣ್ಣನ ಮೇಲೆ ನೇರವಾಗಿ ಬೀಳುತ್ತಿತ್ತು. ಆಮೇಲೆ ಗುರುಸಿದ್ಧ ಮತ್ತೆ ಹತ್ತಿ ಕೂತ, ಟ್ರ್ಯಾಕ್ಟರು ಏರು ಹತ್ತಿ ಮರೆಯಾಯಿತು. ಅಂಬಾದಾಸ ಮಾತಾಡಲೇ ಇಲ್ಲ.

ಮರುದಿನ ಮುಂಜಾನೆ, ಹೆಣ ಇನ್ನೂ ಆಸ್ಪತ್ರೆಯಿಂದ ಬಂದಿರಲಿಲ್ಲ, ಗುರುಸಿದ್ಧ ಕಲ್ಲಣ್ಣನ ಮನೆಗೆ ಬಂದ. ಒಬ್ಬನೇ ಬಂದಿದ್ದ. ಬಗ್ಗಿ ಕಾಲು ಮುಟ್ಟಿದ. ಶಾರದಾಬಾಯಿ ಚಹಾ ತಂದಳು.

"ಕೆಟ್ಟ ಆತು, ಕಾಕಾ," ಅಂದ ಅವನು. "ಯಾವ ಗಾಡಿ ಹಾದು ಹೋಗ್ಯಾದೋ ಏನೋ. ಊರಾಗ ಯಾರಿಗೂ ಗೊತ್ತಿಲ್ಲ."

ಗುರುಸಿದ್ಧ ಚಹಾ ಊದಿ ಊದಿ ಕುಡಿದ. ಬಸಿಯನ್ನು ಕೆಳಗಿಟ್ಟು ನಕ್ಕ.

"ನಿನ್ನಿ ಸೂಟ್ ಮಸ್ತ್ ಕಾಣ್ತಿತ್ತು, ಕಾಕಾ. ಹೊಳಿ ಆಚಿ ನಿಂತು ಒಂದೊಂದ ಪಟ್ಟಿ ಎಣಿಸಬಹುದಿತ್ತು. ಇಷ್ಟು ವಯಸ್ಸಿನಾಗ ಇಷ್ಟು ಎದ್ದು ಕಾಣಬಾರ್ದು. ದೃಷ್ಟಿ ಆಗ್ತದ."

ಅವನು ಹೋದ ಮೇಲೂ ಶಾರದಾಬಾಯಿ ಬಸಿ ಎತ್ತಲಿಲ್ಲ. ಒಳಗೆ ಬಚ್ಚಲಿನ ಗೂಟಕ್ಕೆ ಸೂಟು ತೂಗಾಡುತ್ತಿತ್ತು. ರಕ್ತ ಒಣಗಿ ಬಿಳಿ ಪಟ್ಟೆಗಳು ಕಂದಾಗಿದ್ದವು. ತೊಳೆಯಲೆಂದು ರಾತ್ರಿಯೇ ನೀರು ಕಾಸಿಟ್ಟಿದ್ದಳು, ಯಾಕೋ ಕೈ ಬಂದಿರಲಿಲ್ಲ.

"ಏನ್ ಮಾಡ್ತೀರಿ?" ಅಂದಳು.

"ಅಂವ ನನ್ನ ನೋಡ್ಯಾನ," ಅಂದ ಕಲ್ಲಣ್ಣ. "ನಾನೂ ಅವನ್ನ ನೋಡೀನಿ. ಈಗ ನೋಡಿಲ್ಲಂತ ಹೆಂಗ ಹೇಳ್ಲಿ?"

ಅಂಬಾದಾಸನ ಹೆಂಡತಿ ರೇವಮ್ಮನನ್ನು ಜೀಪಿನಲ್ಲಿ ಕೂರಿಸಿಕೊಂಡು ಅವನು ಠಾಣೆಗೆ ಹೋದ. ಕಂಡದ್ದನ್ನು ಕಂಡಂತೆ ಹೇಳಿದ. ಸೂಟನ್ನು ಗಂಟು ಕಟ್ಟಿ ಅಲ್ಲಿಯೇ ಕೊಟ್ಟು ಬಂದ. ಗುರುಸಿದ್ಧ, ಮಲ್ಲಯ್ಯ ಇಬ್ಬರನ್ನೂ ಹಿಡಿದರು. ಕೆಲವು ತಿಂಗಳಲ್ಲಿ ಇಬ್ಬರೂ ಜಾಮೀನಿನ ಮೇಲೆ ಊರಿಗೆ ಬಂದರು, ಖಟ್ಲೆ ಸೋಲಾಪುರದ ಕೋರ್ಟಿನಲ್ಲಿ ನಿಂತಿತು.

ಆ ಮೇಲಿನ ದಿನಗಳಲ್ಲಿ ಯಾರೂ ಅವನಿಗೆ ಬೆದರಿಕೆ ಹಾಕಲಿಲ್ಲ. ಅದೇ ಹೆಚ್ಚಿನ ಭಯವಾಗಿತ್ತು. ಹೊಲದ ತಿರುವಿನಲ್ಲಿ ಬಿಳಿಯ ಗಾಡಿಯೊಂದು ನಿಂತಿರುತ್ತಿತ್ತು. ಗಾಜು ಏರಿಸಿರುತ್ತಿದ್ದರು. ಕಲ್ಲಣ್ಣ ಹೋಗುವಾಗಲೂ ನಿಂತಿರುತ್ತಿತ್ತು, ಬರುವಾಗಲೂ ನಿಂತಿರುತ್ತಿತ್ತು. ಕಬ್ಬು ಕಡಿಯುವವರು ಅವನ ಹೊಲಕ್ಕೆ ಕೊನೆಗೆ ಬರತೊಡಗಿದರು. ಲಗ್ನಗಳಲ್ಲಿ ಅವನ ಪಕ್ಕದ ಕುರ್ಚಿ ತಡವಾಗಿ ತುಂಬುತ್ತಿತ್ತು. ಅಕ್ಕಲಕೋಟದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಮಗ ಯುವರಾಜ ವಾರಕ್ಕೊಮ್ಮೆ ಬಂದು ಒಂದೇ ಮಾತು ಹೇಳುತ್ತಿದ್ದ.

"ಅಪ್ಪಾ, ಸಾಕ್ಷಿ ಹೇಳು, ಬ್ಯಾಡ ಅನ್ನಂಗಿಲ್ಲ. ಆದ್ರ ಸುಮ್ಮಸುಮ್ಮನ ಮಂದಿ ಕಣ್ಣಿಗೆ ಬೀಳಬ್ಯಾಡ. ಹತ್ತು ಮಂದಿಯೊಳಗ ಹನ್ನೊಂದನೇದವನಾಗಿ ಇರು."

ಕಲ್ಲಣ್ಣ ಒಪ್ಪಿದ. ಮತ್ತೆ ಬಿಳಿ ಅಂಗಿ, ಬಿಳಿ ಟೊಪ್ಪಿಗೆ ಹಾಕಿದ. ಕೊರೋನಾ ಬಂತು, ಹೋಯಿತು. ತಾರೀಖುಗಳು ಬಂದವು, ಮುಂದಕ್ಕೆ ಹೋದವು. ಬಿಳಿ ಅರಿವೆಯಲ್ಲಿ ಅವನನ್ನು ಕಂಡ ಜನರ ಮುಖದಲ್ಲಿ ಒಂದು ಸಮಾಧಾನ ಕಾಣುತ್ತಿತ್ತು. ಇವನು ದಾರಿಗೆ ಬಂದ ಅನ್ನುವ ಸಮಾಧಾನ. ಅದನ್ನು ಕಂಡಾಗಲೆಲ್ಲ ಅವನಿಗೆ ಊಟ ಸೇರುತ್ತಿರಲಿಲ್ಲ ಎಂದು ಶಾರದಾಬಾಯಿ ಹೇಳುತ್ತಾಳೆ. ಒಮ್ಮೆ ಸಂತೆಯಲ್ಲಿ ಹನ್ನೂರಿನ ಶಾಂತಪ್ಪ ಎಂಬ ಹಳೆಯ ಸ್ನೇಹಿತ, "ಛಲೋ ಮಾಡ್ದಿ, ಬಿಟ್ಟಿ," ಎಂದು ಬೆನ್ನು ತಟ್ಟಿದ. ಏನನ್ನು ಬಿಟ್ಟೆ ಎಂದು ಕಲ್ಲಣ್ಣ ಕೇಳಿದ. ಶಾಂತಪ್ಪ ಆ ಕಡೆ ಈ ಕಡೆ ನೋಡಿ ಮಾತು ಬದಲಿಸಿದ.

ಜೋಳ ತೆನೆ ಕಟ್ಟುವ ಹೊತ್ತು. ಒಂದು ಮುಂಜಾನೆ ಗಂಡ ಹೆಂಡತಿ ಹೊಲಕ್ಕೆ ಹೋದರೆ ನಟ್ಟನಡುವೆ ಒಂದು ಬೆದರುಗೊಂಬೆ ನಿಂತಿತ್ತು. ಅವರು ನಿಲ್ಲಿಸಿದ್ದಲ್ಲ. ಗಾದಿಯ ಪಟ್ಟೆ ಬಟ್ಟೆಯಲ್ಲಿ ಕೋಟು, ಪ್ಯಾಂಟು ಹೊಲಿದು ತೊಡಿಸಿದ್ದರು. ಕೊರಳಿಗೆ ಕೆಂಪು ಚಿಂದಿಯ ಟೈ. ತಲೆ ಇರಲಿಲ್ಲ. ತಲೆ ಇರಬೇಕಾದ ಕಡೆ ಕೋಲಿನ ತುದಿಯನ್ನು ಚೂಪಾಗಿ ಕೆತ್ತಿದ್ದರು. ಸುತ್ತಲೂ ಒಂದು ದಂಟೂ ಮುರಿದಿರಲಿಲ್ಲ, ಅಷ್ಟು ಜತನದಿಂದ ಬಂದು ಹೋಗಿದ್ದರು.

ಕಲ್ಲಣ್ಣ ಬದುವಿನ ಮೇಲೆ ಕೂತುಬಿಟ್ಟ. ಶಾರದಾಬಾಯಿ ಜೋಳದೊಳಗೆ ನಡೆದು ಹೋಗಿ ಅದನ್ನು ಕಿತ್ತು ತಂದು ಅವನ ಮುಂದೆ ಹಾಕಿದಳು. ಬಟ್ಟೆಯನ್ನು ತಿರುವಿ ನೋಡಿದಳು.

"ಹೊಸಾ ಅರಿವಿ," ಅಂದಳು. "ಹರಕಲ್ಲ. ಯಾರೋ ಕೂತು, ಅಳತಿ ಮಾಡಿ ಹೊಲ್ದಾರ್ರಿ. ನಿಮ್ಮ ಅಳತಿ."

ಆ ಕೋಟಿನ ತೋಳಿನ ಉದ್ದ ಗಂಡನ ತೋಳಿನಷ್ಟೇ ಇತ್ತು.

ಅದೇ ವಾರ ಕಲ್ಲಣ್ಣ ಸೋಲಾಪುರಕ್ಕೆ ಹೋಗಿ ಮಾವನ ಅಂಗಡಿಯಲ್ಲಿ ಕೂತ. ಸಾತಲಿಂಗಪ್ಪನಿಗೆ ಈಗ ಕಣ್ಣು ಮಂಜಾಗಿತ್ತು.

"ಆ ಅರಿವಿ ಉಳದದೇನ್ರಿ ಮಾವಾರ?"

"ಯಾರು ಒಯ್ತಾರಪಾ ಅದನ್ನ? ಹಂಗ ಬಿದ್ದದ."

"ಇನ್ನೊಂದು ಸೂಟಿಗೆ ಕೊಡ್ರಿ."

ಮುದುಕ ಗಜಕೋಲನ್ನು ಬದಿಗಿಟ್ಟ. "ನನ್ನ ಮಗಳು ಆ ಮನಿಯಾಗ ಇರ್ತಾಳ," ಅಂದ.

"ಆಕಿನೇ ಕಳಿಸ್ಯಾಳ್ರಿ," ಅಂದ ಕಲ್ಲಣ್ಣ. ಅದು ನಿಜವಾಗಿತ್ತು. ಹಿಂದಿನ ದಿನ ಅವಳು, "ಅವರು ನಿಮ್ಮನ್ನ ಬೆದರುಗೊಂಬಿ ಮಾಡ್ಯಾರ. ನೀವು ಬಿಳಿ ಅಂಗ್ಯಾಗ ಅಡಗಿದ್ರ ಅದ ಖರೆ ಆಗ್ತದ. ಹೋಗಿ ಅರಿವಿ ತರ್ರಿ," ಅಂದಿದ್ದಳು.

ಕಲ್ಲಣ್ಣನ ಸಾಕ್ಷಿಯ ತಾರೀಖು ಗೊತ್ತಾಯಿತು. ಹೊಸ ಸೂಟನ್ನು ಯುವರಾಜ ಅಕ್ಕಲಕೋಟದಲ್ಲಿ ಇಸ್ತ್ರಿಗೆ ಕೊಟ್ಟು ತಂದ. ಹೊರಡುವ ಹಿಂದಿನ ಮಧ್ಯಾಹ್ನ ಶಾರದಾಬಾಯಿ ಕಾಗದ ಬಿಚ್ಚಿ ಕೋಟನ್ನು ಎತ್ತಿ ಹಿಡಿದಳು. ಎಡಗಡೆಯ ತೋಳು ಹೆಗಲಿನಿಂದ ಮುಂಗೈವರೆಗೆ ಬಾಯಿ ತೆರೆಯಿತು. ಕತ್ತರಿಯೋ, ಬ್ಲೇಡೋ, ಹರಿತವಾದದ್ದು. ಒಂದೇ ಬಿಳಿ ಪಟ್ಟೆಯ ಅಂಚು ಹಿಡಿದು, ಎಳೆಯಷ್ಟೂ ಆಚೀಚೆ ಸರಿಯದೆ ಕೆಳಗಿಳಿದಿತ್ತು. ಇಸ್ತ್ರಿಯವನನ್ನು ಕೇಳಿದರೆ ಅವನು ಅಳತೊಡಗಿದ. ತಾನೇನೂ ನೋಡಿಲ್ಲ, ತನಗೆ ಮಕ್ಕಳಿದ್ದಾರೆ ಎಂದಷ್ಟೇ ಹೇಳಿದ.

ಯುವರಾಜ ತಲೆಯ ಮೇಲೆ ಕೈಹೊತ್ತು ಕೂತ. "ಅವ್ವಾ, ಇನ್ನಾದ್ರೂ ಹೇಳು ಅಪ್ಪಗ."

ಶಾರದಾಬಾಯಿ ಕನ್ನಡಕ ಹಾಕಿಕೊಂಡು, ಬೆಳಕಿನ ಕಡೆ ಬೆನ್ನು ಮಾಡಿ ಕೂತು, ಸೂಜಿಗೆ ಬಿಳಿ ದಾರ ಪೋಣಿಸಿದಳು. ಪಟ್ಟೆಯ ಅಂಚಿನಲ್ಲಿ ಕೊಯ್ದಿದ್ದರಿಂದ ಹೊಲಿಗೆಯನ್ನು ಆ ಪಟ್ಟೆಯೊಳಗೇ ಅಡಗಿಸಲು ಬಂತು. ಸಂಜೆಯವರೆಗೆ ಹೊಲಿದಳು.

ಕೋರ್ಟಿನ ವ್ಯವಹಾರವೆಲ್ಲ ಮರಾಠಿಯಲ್ಲಿ. ಕಲ್ಲಣ್ಣನ ಮರಾಠಿಯಲ್ಲಿ ಅರ್ಧ ಕನ್ನಡ. ಪಟ್ಟೆ ಸೂಟು, ಬಿಳಿ ಅಂಗಿ, ಮಾಸಿದ ಕೆಂಪು ಟೈ, ಉಂಗುರವಿಲ್ಲದ ಕೈ. ಅವನು ಗುಂಡಿ ಹಾಕಿಕೊಂಡು ಕಟಕಟೆಯಲ್ಲಿ ನಿಂತಾಗ ಒಳಗೆ ಗುಜುಗುಜು ಎದ್ದು ಅಡಗಿತು. ಮೇಜಿನ ಮೇಲೆ ಮೊಹರು ಒಡೆದ ಗಂಟಿನಲ್ಲಿ ಅವನ ಹಳೆಯ ಕೋಟು ಇತ್ತು. ಎದೆಯ ಕಡೆ ಗಟ್ಟಿಯಾಗಿ, ಕಪ್ಪಾಗಿತ್ತು. ರೇವಮ್ಮ ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

ಎದುರಿನ ವಕೀಲ ನಯವಾದ ಮನುಷ್ಯ. ಅವನು ಸೂಟಿನಿಂದಲೇ ಶುರು ಮಾಡಿದ.

"ನಾಲ್ಕು ಜನ ನೋಡಲಿ ಅಂತ ನೀವು ಇಂಥಾ ಸೂಟು ಹಾಕೋದು, ಹೌದಲ್ಲ?"

"ಹೌದ್ರಿ."

"ಸಾಕ್ಷಿ ಹೇಳಾಕ ಬಂದದ್ದೂ ಅದಕ್ಕೇ ಏನು? ನಾಲ್ಕು ಜನ ನೋಡಲಿ ಅಂತ?"

ಹಿಂದೆ ಯಾರೋ ನಕ್ಕರು. ಕಲ್ಲಣ್ಣ ಅವಸರ ಮಾಡಲಿಲ್ಲ.

"ಸೂಟ್ ಹಾಕ್ಕೊಂಡ್ರ ಮಂದಿ ನೋಡ್ತಾರ್ರಿ, ನನಗೂ ಖುಷಿ ಆಗ್ತದ. ಈ ಸಾಕ್ಷಿ ಕೊಟ್ಟಾಗಿಂದ ಮಂದಿ ನನ್ನ ನೋಡೂದ ಬಿಟ್ಟಾರ. ಎದುರಿಗೆ ಬಂದ್ರ ಬ್ಯಾರೆ ದಾರಿ ಹಿಡೀತಾರ. ಖುಷಿ ಯಾವುದರಾಗ ಅದ, ನೀವ ಹೇಳ್ರಿ."

ನಗು ನಿಂತಿತು. ವಕೀಲ ಬೇರೆ ದಾರಿ ಹಿಡಿದ. ಕೋಟಿಗೆ ರಕ್ತ ಹತ್ತಿದ್ದು ನಿಜ, ಆದರೆ ಎಲ್ಲ ಮುಗಿದ ಮೇಲೆ ಬಂದು ಹೆಣ ಎತ್ತಿದ್ದರಿಂದ ಹತ್ತಿರಬೇಕು. ಟ್ರ್ಯಾಕ್ಟರು ಯಾರದೆಂದು ನೋಡಲು ಆಗ ಅಲ್ಲಿ ಇವರು ಇರಲೇ ಇಲ್ಲ ಎಂಬುದು ಅವನ ವಾದ.

"ನಾ ಇದ್ದೆ ಅಂತ ನಾ ಅಷ್ಟ ಹೇಳಾಕತ್ತಿಲ್ರಿ," ಅಂದ ಕಲ್ಲಣ್ಣ. "ಗುರುಸಿದ್ಧನೂ ಹೇಳ್ಯಾನ. ಮರುದಿನ ಮುಂಜಾನಿ ನನ್ನ ಮನಿಯಾಗ ಕೂತು ಚಹಾ ಕುಡಕೋತ ಹೇಳ್ಯಾನ. ಹೊಳಿ ಆಚಿ ನಿಂತು ನಿನ್ನ ಸೂಟಿನ ಪಟ್ಟಿ ಎಣಿಸಬಹುದಿತ್ತು ಅಂತ. ಅಂವ ಹೊಳಿ ಆಚಿ ಇರದಿದ್ರ ಹೆಂಗ ಎಣಸ್ತಾನ್ರಿ?"

ಇದಕ್ಕೆ ಸಾಕ್ಷಿ ಯಾರು ಎಂದು ವಕೀಲ ಕೇಳಿದ. ಹಾಗೆ ಕೇಳಿದ್ದು ಅವನ ಪಾಲಿಗೆ ಒಳ್ಳೆಯದಾಗಲಿಲ್ಲ. ಮುಂದಿನ ತಾರೀಖಿಗೆ ಶಾರದಾಬಾಯಿಯನ್ನು ಕರೆಸಿದರು. ಚಾಟಿ ಗಲ್ಲಿಯಲ್ಲಿ ಬೆಳೆದವಳ ಮರಾಠಿ ಚೊಕ್ಕವಾಗಿತ್ತು. ಗುರುಸಿದ್ಧ ಎಲ್ಲಿ ಕೂತಿದ್ದ, ಹೇಗೆ ನಕ್ಕ, ಏನು ಅಂದ ಎಂಬುದನ್ನು ಅವಳು ಒಂದು ಅಕ್ಷರ ತಪ್ಪದೆ ಹೇಳಿದಳು. ಎಷ್ಟು ಸಲ ತಿರುವಿ ಕೇಳಿದರೂ ಅದನ್ನೇ ಹೇಳಿದಳು. ಹಿಂದಿನ ಬೆಂಚಿನ ಮೂಲೆಯಲ್ಲಿ ಮಲ್ಲಯ್ಯ ತಲೆ ತಗ್ಗಿಸಿ ಕೂತಿದ್ದ. ಒಮ್ಮೆಯೂ ಮುಖ ಎತ್ತಲಿಲ್ಲ.

ತೀರ್ಪು ಬಂದ ದಿನ ಇಬ್ಬರಿಗೂ ಸಜೆಯಾಯಿತು. ಗುರುಸಿದ್ಧನಿಗೆ ಹೆಚ್ಚು, ಮಲ್ಲಯ್ಯನಿಗೆ ಕಡಿಮೆ. ಪೊಲೀಸರು ಹೊರಗೆ ಕರೆದೊಯ್ಯುವಾಗ ಕೋರ್ಟಿನ ಪಡಸಾಲೆಯಲ್ಲಿ ಗುರುಸಿದ್ಧ ಕಲ್ಲಣ್ಣನ ಎದುರಿಗೆ ಬಂದು ಒಂದು ಕ್ಷಣ ನಿಂತ. ಕೈ ಚಾಚಿ ಎಡಗಡೆಯ ತೋಳನ್ನು ಮುಟ್ಟಿದ. ಹೆಗಲಿನಿಂದ ಕೆಳಗೆ, ಅದೇ ಪಟ್ಟೆಯ ಮೇಲೆ ಬೆರಳು ಆಡಿಸಿದ.

"ಹೊಲಿಗಿ ಕಾಣಂಗೇ ಇಲ್ಲ, ಕಾಕಾ," ಅಂದ. "ಕಾಕೂನ ಕೈ ಭಾಳ ಛಲೋ ಅದ."

ಅವನು ಜೈಲಿನಲ್ಲಿ ಬಹಳ ದಿನ ಇರಲಿಲ್ಲ. ಮೇಲಿನ ಕೋರ್ಟಿಗೆ ಅಪೀಲು ಹೋಯಿತು, ಜಾಮೀನು ಸಿಕ್ಕಿತು. ಮಲ್ಲಯ್ಯನಿಗೂ ಸಿಕ್ಕಿತು. ಹೊಲದ ತಿರುವಿನಲ್ಲಿ ಬಿಳಿಯ ಗಾಡಿ ಮತ್ತೆ ಬಂದು ನಿಲ್ಲತೊಡಗಿತು. ಕಲ್ಲಣ್ಣ ಪಟ್ಟೆ ಸೂಟು ತೊಡುವುದನ್ನು ಬಿಡಲಿಲ್ಲ. ಈಗ ಲಗ್ನಗಳಲ್ಲಿ ಅವನು ಇಳಿದಾಗ ಯಾರೂ ಕೂಗಿ ಹೇಳುತ್ತಿರಲಿಲ್ಲ. ನೋಡುತ್ತಿದ್ದರು, ಅಷ್ಟೇ.

ಹೋದ ಬೇಸಿಗೆಯಲ್ಲಿ ಅಕ್ಕಲಕೋಟದಲ್ಲಿ ಬಂಧುಗಳ ಮನೆಯ ಲಗ್ನವಿತ್ತು. ಅಕ್ಷತೆ ಬಿದ್ದು ಜನ ಊಟಕ್ಕೆ ಏಳುತ್ತಿದ್ದರು. ಶಾರದಾಬಾಯಿ ಗಂಡನ ಮೊಣಕೈ ಹಿಡಿದಳು. ಬಾಗಿಲಲ್ಲಿ ಗುರುಸಿದ್ಧ ನಿಂತಿದ್ದ. ಮೈಮೇಲೆ ಪಟ್ಟೆ ಸೂಟು. ಅದೇ ಗಾಢ ನೀಲಿ, ಅಷ್ಟೇ ದಪ್ಪ ಬಿಳಿ ಗೆರೆ. ಎಲ್ಲಿಂದ ಹುಡುಕಿ ತರಿಸಿದ್ದನೋ. ಒಳಗೆ ಹೊಳೆಯುವ ಹಳದಿ ಅಂಗಿ, ಅದರ ಮೇಲೆ ಎರಡೆಳೆ ಬಂಗಾರದ ಚೈನು, ಬೆರಳಿಗೆಲ್ಲ ಉಂಗುರ. ಹೆಗಲಲ್ಲಿ ಒಂದು ಪಟ್ಟೆಯೂ ಇನ್ನೊಂದಕ್ಕೆ ಕೂಡಿರಲಿಲ್ಲ. ಅವನು ನೇರವಾಗಿ ಇವರ ಹತ್ತಿರ ಬಂದ. ಬಗ್ಗಿ ಕಾಲು ಮುಟ್ಟಿದ.

"ಹೆಂಗ ಕಾಣ್ತೀನಿ, ಕಾಕಾ?"

ಕಲ್ಲಣ್ಣ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಚೈನ್ ತಗಿ," ಅಂದ. "ಅಂಗಿ ಬಿಳಿದು ಹಾಕು. ಹೆಗಲು ಬಿಚ್ಚಿಸಿ ಮತ್ತ ಹೊಲಿಸು. ಆಗ ಕಾಣ್ತಿ."

ಗುರುಸಿದ್ಧ ನಕ್ಕ, ಆದರೆ ಕಿವಿಯ ತುದಿ ಕೆಂಪಾಗಿತ್ತು. "ನನಗ ಛಲೋ ಕಾಣೂದ ಬೇಕಾಗಿಲ್ಲ, ಕಾಕಾ. ನಾಳಿ ಏನರ ಆತಂದ್ರ, ಪಟ್ಟಿ ಸೂಟಿನಾಂವ ಇಲ್ಲಿದ್ದ, ಅಲ್ಲಿದ್ದ ಅಂತ ಹೇಳೂ ಮಂದಿಗೆ ಯಾವ ಪಟ್ಟಿ ಸೂಟು ಅಂತ ಗೊತ್ತಾಗಬಾರ್ದು. ಅಷ್ಟ."

ಅವನು ಊಟದ ಸಾಲಿಗೆ ಹೋಗಿ ಕೂತ. ಅಲ್ಲಿಂದಲೇ ಇವರನ್ನು ನೋಡುತ್ತಾ ಊಟ ಮಾಡಿದ.

ಇವರು ಉಣ್ಣದೆ ಹೊರಟರು. ಹೊರಗೆ ಜೀಪಿನ ಹತ್ತಿರ ಯಾರೋ ನೆರಳಿಗೆ ಒತ್ತಿಕೊಂಡು ನಿಂತಿದ್ದರು. ಮಲ್ಲಯ್ಯ. ಬಹಳ ಇಳಿದು ಹೋಗಿದ್ದ. ಅವನು ಕಲ್ಲಣ್ಣನ ಮುಖ ನೋಡದೆ, ನೆಲಕ್ಕೆ ಹೇಳುವ ಹಾಗೆ ಹೇಳಿದ.

"ಕಾಕಾರ, ಇವತ್ತ ಕುರನೂರ ದಾರಿ ಹಿಡೀಬ್ಯಾಡ್ರಿ."

"ಯಾಕ?"

"ಕೇಳಬ್ಯಾಡ್ರಿ. ಒಮ್ಮಿ ಅಂವ ನಡಿ ಅಂದ, ನಾ ನಡಿಸಿದೆ. ಇನ್ನೊಮ್ಮಿ ಆಗಂಗಿಲ್ಲ ನನ್ನ ಕಡಿಂದ." ಅಷ್ಟು ಹೇಳಿ, ಹಿಂದೆ ಮುಂದೆ ನೋಡುತ್ತಾ ಗೋಡೆಯ ಬದಿಗೆ ನಡೆದು ಹೋದ.

ಕಲ್ಲಣ್ಣ ಜೀಪನ್ನು ಸೋಲಾಪುರದ ಕಡೆ ತಿರುಗಿಸಿದ. ಕುರನೂರಿನ ದಾರಿಯಲ್ಲಿ ಅವತ್ತು ಏನು ಕಾದಿತ್ತು ಎಂಬುದು ಇವತ್ತಿಗೂ ಅವರಿಗೆ ಗೊತ್ತಿಲ್ಲ. ಮರಳಿ ಊರಿಗೆ ಹೋಗಲು ಶಾರದಾಬಾಯಿ ಬಿಡಲಿಲ್ಲ. ಹೊಲವನ್ನು ರೇವಮ್ಮನ ಮನೆಯವರಿಗೆ ಪಾಲಿಗೆ ಕೊಟ್ಟರು. ಚಾಟಿ ಗಲ್ಲಿಯಲ್ಲಿ ಅಂಗಡಿಯ ಮೇಲಿನ ಮನೆಯಲ್ಲಿ ಸಾತಲಿಂಗಪ್ಪನ ಜೊತೆ ಇದ್ದಾರೆ. ಕಲ್ಲಣ್ಣ ಕೆಳಗೆ ಗಾದಿಯ ಮೇಲೆ ಕೂರುತ್ತಾನೆ. ಬಾಗಿಲು ತಟ್ಟಿದ ಸದ್ದಾದರೆ ಶಾರದಾಬಾಯಿ ಮೊದಲು ಕಿಟಕಿಯಿಂದ ಬಗ್ಗಿ ನೋಡುತ್ತಾಳೆ.

ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಹಾಗೆ ಬಗ್ಗಿ ನೋಡಿದಾಗ ಕೆಳಗೆ ಒಬ್ಬ ಹೆಂಗಸು ನಿಂತಿದ್ದಳು. ಮೇಲೆ ಕರೆದು ನೀರು ಕೊಟ್ಟರು. ಅವಳು ಮಲ್ಲಯ್ಯನ ಹೆಂಡತಿ ನಂದಾ.

"ಅಕ್ಕಲಕೋಟದ ಆ ಲಗ್ನದ ವಾರದಾಗ ಕೆಲಸ ಅದಂತ ಹೋದಾವ್ರು ಬಂದಿಲ್ರಿ," ಅಂದಳು. "ಫೋನ್ ಬಂದ್ ಅದ. ಪುಣೆಕ್ಕ ಹೋಗ್ಯಾನ ಅಂತ ಗುರುಸಿದ್ಧಣ್ಣ ಹೇಳ್ತಾರ. ಅವರು ನನಗ ಹೇಳ್ದ ಪುಣೆಕ್ಕ ಹೋಗಾವ್ರಲ್ಲ. ಇಷ್ಟ ದಿನ ಯಾರಿಗೂ ಹೇಳಾಕ ಧೈರ್ಯ ಇರಲಿಲ್ಲ. ಠಾಣೆಗೆ ಹೋಗಿ ಬರೆಸಬೇಕು ಅಂದ್ರ ಜೋಡಿ ಯಾರೂ ಬರಾಕ ತಯಾರಿಲ್ರಿ, ಕಾಕಾರ. ನನ್ನ ತಮ್ಮನೂ ಒಲ್ಲೆ ಅಂದ."

ಸಾತಲಿಂಗಪ್ಪ ಮೂಲೆಯಿಂದ ಮಂಜುಗಣ್ಣು ಎತ್ತಿ ಅಳಿಯನ ಕಡೆ ತಿರುಗಿದ. ಅಂಬಾದಾಸನ ಮೇಲೆ ಗಾಡಿ ಓಡಿಸಿದವನ ಹೆಂಡತಿ ಅವಳು. ಲಗ್ನದ ಮನೆಯ ಗೋಡೆ ಬದಿಗೆ ನಿಂತು ಇವರ ಜೀವ ಉಳಿಸಿದವನ ಹೆಂಡತಿಯೂ ಹೌದು. ಕಲ್ಲಣ್ಣ ಎದ್ದು ಒಳಗೆ ಹೋದ. ಹೊರಗೆ ಬಂದಾಗ ಸೂಟು ತೊಟ್ಟಿದ್ದ, ಉಂಗುರ ತೆಗೆದಿಟ್ಟಿದ್ದ. ಶಾರದಾಬಾಯಿ ಅವನ ಟೈ ಸರಿ ಮಾಡಿದಳು. ಹೆಗಲ ಮೇಲಿನ ಧೂಳು ಜಾಡಿಸಿದಳು. ಜಾಡಿಸಿದ ಮೇಲೂ ಕೈ ಅಲ್ಲಿಯೇ ಇತ್ತು.

"ನಾನೂ ಬರ್ತೀನ್ರಿ," ಅಂದಳು.

ಮೂವರೂ ಮೆಟ್ಟಿಲು ಇಳಿದು ಗಲ್ಲಿಗೆ ಬಂದರು. ಸಂತೆಯ ಹೊತ್ತು, ಗಲ್ಲಿ ತುಂಬ ಜನ. ಜನ ಆ ಪಟ್ಟೆಗಳನ್ನು ನೋಡಿ ಒಂದಿಷ್ಟು ದಾರಿ ಬಿಟ್ಟರು. ಎದುರಿನ ಪಾತ್ರೆ ಅಂಗಡಿಯ ಮುಂದೆ ಮೋಟರ್‌ಸೈಕಲ್ಲಿನ ಮೇಲೆ ಕೂತಿದ್ದ ಒಬ್ಬ, ಇವರನ್ನು ನೋಡಿ, ಕಿಸೆಯಿಂದ ಫೋನ್ ತೆಗೆದು ಕಿವಿಗೆ ಹಚ್ಚಿಕೊಂಡ. ಕಲ್ಲಣ್ಣ ಕೋಟಿನ ಗುಂಡಿ ಹಾಕಿಕೊಂಡು, ಅವನ ಮುಂದಿನಿಂದಲೇ ನಡೆದು ಹೋದ.